ಒಂಬತ್ತು ಮಡಿ ಕೊತ್ತಂಬರಿ: ಅಂತರ ಮತ್ತು ಗೊಬ್ಬರದ ಲೆಕ್ಕ

ಅಡಿಕೆ ಸಸಿ ನೆಡುವಾಗ ಒಂಬತ್ತು ಅಡಿಯ ಅಂತರದಲ್ಲಿ ಅರ್ಧ ಅಡಿ ಹೆಚ್ಚುಕಡಿಮೆಯಾದರೂ ಹಗ್ಗ ಹಿಡಿದು ಮತ್ತೆ ಅಳೆಯುವ ನಾವು, ಕೊತ್ತಂಬರಿಯ ವಿಷಯಕ್ಕೆ ಬಂದರೆ ಒಂದು ಹಿಡಿ ಬೀಜವನ್ನು ಮಣ್ಣಿನ ಮೇಲೆ ಚೆಲ್ಲಿ ಕೈ ಕೊಡವಿಕೊಳ್ಳುತ್ತೇವೆ. ಕಾಸರಗೋಡಿನ ಪೆರ್ಲದ ಆಚೆಗಿರುವ ನಮ್ಮ ಮನೆಯ ಹಿಂದಿನ ಜಾಗದಲ್ಲಿ ನಾಲ್ಕು ವರ್ಷ ಹಾಗೆಯೇ ಮಾಡಿ, ನಾಲ್ಕು ವರ್ಷವೂ ದಾರದಂತಹ ಕಾಂಡದ, ಹಳದಿ ತಿರುಗಿದ ಸೊಪ್ಪನ್ನು ಕಂಡ ಮೇಲೆ, ಈ ಸಲ ಅಂತರವನ್ನೂ ಗೊಬ್ಬರವನ್ನೂ ಅಳೆದು ಹಾಕಿ ನೋಡುವುದೆಂದು ತೀರ್ಮಾನಿಸಿದೆ. ಸೊಪ್ಪು ಸೊರಗಿದಾಗಲೆಲ್ಲ ಗೊಬ್ಬರ ಸಾಲದೆಂದು ಯೂರಿಯಾ ಎರಚುವುದು ನನ್ನ ಅಭ್ಯಾಸವಾಗಿತ್ತು. ತಪ್ಪು ನಿಜವಾಗಿ ಅಲ್ಲಿತ್ತೇ ಎಂಬುದು ತಿಳಿಯಬೇಕಾಗಿತ್ತು.

ಜಾಗದ ಬಗ್ಗೆ ಮೊದಲು ಹೇಳಬೇಕು. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದ ಬುಡದಲ್ಲಿ, ಅಡಿಕೆ ತೋಟ ಮುಗಿದು ದನದ ಹಟ್ಟಿ ಆರಂಭವಾಗುವಲ್ಲಿ ಸಿಕ್ಕಿದ ಸಣ್ಣ ತಟ್ಟು ಅದು. ಮಣ್ಣು ಕೆಂಪು, ಮಳೆಗಾಲದ ನೀರು ಸುಣ್ಣದ ಅಂಶವನ್ನೆಲ್ಲ ತೊಳೆದುಬಿಡುವುದರಿಂದ ಹುಳಿ ಮಣ್ಣು. ಕೃಷಿ ಭವನದ ಮೂಲಕ ಪರೀಕ್ಷೆಗೆ ಕಳುಹಿಸಿದ ಮಾದರಿಯಲ್ಲಿ ರಸಸಾರ (ಪಿಎಚ್) 5.2 ಎಂದು ಬಂದಿತ್ತು. ಇಂತಹ ಮಣ್ಣಿನಲ್ಲಿ ಹಾಕಿದ ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ, ಬೇರಿಗೆ ಸಿಗುವುದು ಸ್ವಲ್ಪವೇ. ಆದುದರಿಂದ ನವೆಂಬರ್ 3ರಂದು ಚದರ ಮೀಟರಿಗೆ 50 ಗ್ರಾಂ ಕೃಷಿ ಸುಣ್ಣವನ್ನು ಇಡೀ ಜಾಗಕ್ಕೆ ಸಮನಾಗಿ ಬೆರೆಸಿ ಬಿಟ್ಟೆ. ಸುಣ್ಣವನ್ನೂ ಹಟ್ಟಿಗೊಬ್ಬರವನ್ನೂ ಒಂದೇ ದಿನ ಹಾಕಬಾರದು. ಗೊಬ್ಬರದ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ನಡುವೆ ಎರಡು ವಾರವಾದರೂ ಇರಲಿ.

ಮಡಿ ಮಾಡುವ ಕೆಲಸಕ್ಕೆ ಪಿಕಾಸು ಮತ್ತು ಕೊಟ್ಟು (ಗುದ್ದಲಿ) ಸಾಕಾದವು. ಒಂದು ಮೀಟರ್ ಅಗಲದ, 3.6 ಮೀಟರ್ ಉದ್ದದ, ಒಂದು ಗೇಣು ಎತ್ತರದ ಮೂರು ಏರುಮಡಿಗಳನ್ನು ಕಟ್ಟಿ, ಬದಿ ಕುಸಿಯದಂತೆ ಹಳೆಯ ಅಡಿಕೆ ಮರವನ್ನು ಸೀಳಿದ ಸಲಾಕೆಗಳನ್ನು ಗೂಟ ಹೊಡೆದು ನಿಲ್ಲಿಸಿದೆ. ಪ್ರತಿ ಏರುಮಡಿಯನ್ನೂ ಒಂದೊಂದು ಚದರ ಮೀಟರಿನ ಮೂರು ಮಡಿಗಳನ್ನಾಗಿ ಒಡೆದು, ನಡುವೆ 30 ಸೆಂಟಿಮೀಟರ್ ಖಾಲಿ ಬಿಟ್ಟೆ. ಒಂದರ ಗೊಬ್ಬರದ ನೀರು ಇನ್ನೊಂದಕ್ಕೆ ಹರಿಯಬಾರದಲ್ಲ. ಹೀಗೆ ಒಟ್ಟು ಒಂಬತ್ತು ಮಡಿಗಳಾದವು.

ಅಂತರ ಮೂರು ಬಗೆ. ‘ಅ’ ಎಂದರೆ 5 ಸೆಂಟಿಮೀಟರಿಗೆ ಒಂದು ಗಿಡ, ಅಂದರೆ ಮಡಿಗೆ 400 ಗುಣಿ. ‘ಆ’ ಎಂದರೆ 10 ಸೆಂಟಿಮೀಟರಿಗೆ ಒಂದು, 100 ಗುಣಿ. ‘ಇ’ ಎಂದರೆ ಸಾಲಿನಿಂದ ಸಾಲಿಗೆ 20, ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರ್. ಐದು ಸಾಲಿನಲ್ಲಿ ಆರಾರು ಗಿಡದಂತೆ 30 ಗುಣಿ. ಕೊನೆಯದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಶಿಫಾರಸು ಮಾಡುವ ಅಂತರ. ಗೊಬ್ಬರವೂ ಮೂರು ಬಗೆ. ‘ಕ’ ಮಡಿಗೆ ಹಟ್ಟಿಗೊಬ್ಬರ ಮಾತ್ರ. ಹೆಕ್ಟೇರಿಗೆ 10 ಟನ್ ಎಂಬ ಲೆಕ್ಕದಲ್ಲಿ ಚದರ ಮೀಟರಿಗೆ ಒಂದು ಕಿಲೋ. ‘ಖ’ ಮಡಿಗೆ ಅದರ ಜೊತೆಗೆ ಅದೇ ವಿಶ್ವವಿದ್ಯಾಲಯ ನೀರಾವರಿ ಬೆಳೆಗೆ ಹೇಳುವ ಪ್ರಮಾಣ: ಹೆಕ್ಟೇರಿಗೆ ಒಟ್ಟು 20 ಕಿಲೋ ಸಾರಜನಕ, 40 ಕಿಲೋ ರಂಜಕ, 20 ಕಿಲೋ ಪೊಟ್ಯಾಷ್, ಸಾರಜನಕದ ಅರ್ಧವನ್ನು ಬಿತ್ತುವಾಗಲೂ ಉಳಿದರ್ಧವನ್ನು ಮೂವತ್ತು ದಿನವಾದಾಗಲೂ ಕೊಡಬೇಕು. ‘ಗ’ ಮಡಿಗೆ ಎಲ್ಲವೂ ಹಾಗೆಯೇ, ಸಾರಜನಕ ಮಾತ್ರ ಎರಡು ಪಾಲು. ಇದು ನನ್ನ ಹಳೆಯ ಯೂರಿಯಾ ಚಟದ ಪ್ರತಿನಿಧಿ.

ಪಡುವಣ ಬದಿಯ ಅಡಿಕೆ ಮರಗಳ ನೆರಳು ಮಧ್ಯಾಹ್ನ ಮೂರರ ನಂತರ ಒಂದು ಅಂಚಿಗೆ ಬೀಳುತ್ತಿದ್ದುದರಿಂದ, ಒಂದೇ ಬಗೆಯ ಮಡಿಗಳೆಲ್ಲ ಆ ಅಂಚಿಗೆ ಬಂದರೆ ಲೆಕ್ಕ ಕೆಡುತ್ತಿತ್ತು. ಸುಡೊಕು ತುಂಬುವಂತೆ ಕುಳಿತು, ಅಡ್ಡಕ್ಕೂ ಉದ್ದಕ್ಕೂ ಪ್ರತಿ ಸಾಲಿನಲ್ಲಿ ಪ್ರತಿ ಅಂತರವೂ ಪ್ರತಿ ಗೊಬ್ಬರವೂ ಒಂದೊಂದೇ ಸಲ ಬರುವಂತೆ ಜೋಡಿಸಿದೆ (ಮೊದಲ ಅಕ್ಷರ ಅಂತರದ್ದು, ಎರಡನೆಯದು ಗೊಬ್ಬರದ್ದು): ಮೊದಲ ಏರುಮಡಿಯಲ್ಲಿ ಅಕ, ಆಖ, ಇಗ; ಎರಡನೆಯದರಲ್ಲಿ ಆಗ, ಇಕ, ಅಖ; ಮೂರನೆಯದರಲ್ಲಿ ಇಖ, ಅಗ, ಆಕ. ಪ್ರತಿ ಜೋಡಿಗೂ ಒಂದೇ ಮಡಿ ಇದ್ದುದರಿಂದ ಇದನ್ನು ಸಂಶೋಧನೆಯೆಂದು ಕರೆಯಲಾರೆ; ಆದರೂ ಚೆಲ್ಲುವುದಕ್ಕಿಂತ ಎಷ್ಟೋ ಮೇಲು.

ಸಾವಿರದೈನೂರು ಗುಣಿಗಳನ್ನು ಬೆರಳಿನಿಂದ ಚುಚ್ಚುವುದು ಆಗುವ ಮಾತಲ್ಲವಾದ್ದರಿಂದ ಒಂದು ಚುಚ್ಚುಹಲಗೆ ಮಾಡಿದೆ. ಹಳೆಯ ಬಾಗಿಲಿನಿಂದ ಉಳಿದಿದ್ದ 12 ಮಿಲಿಮೀಟರ್ ದಪ್ಪದ ಪ್ಲೈವುಡ್ಡನ್ನು 50 ಸೆಂಟಿಮೀಟರ್ ಚೌಕಕ್ಕೆ ಕೊಯ್ದು, ಅಂಚಿನಿಂದ 5 ಸೆಂಟಿಮೀಟರ್ ಒಳಗಿನಿಂದ ಆರಂಭಿಸಿ ಪ್ರತಿ 10 ಸೆಂಟಿಮೀಟರಿಗೆ ಒಂದರಂತೆ 25 ತೂತು ಕೊರೆದು, 8 ಮಿಲಿಮೀಟರಿನ, 40 ಮಿಲಿಮೀಟರ್ ಉದ್ದದ ಬೋಲ್ಟುಗಳನ್ನು ನಟ್ಟಿನಿಂದ ಬಿಗಿದೆ. ಅಂಚಿನಲ್ಲಿ ಅರ್ಧ ಅಂತರ ಬಿಟ್ಟರೆ ಹಲಗೆಯನ್ನು ಪಕ್ಕಕ್ಕೆ ಸರಿಸಿ ಒತ್ತಿದಾಗಲೂ 10 ಸೆಂಟಿಮೀಟರಿನ ಅಂತರ ತಪ್ಪುವುದಿಲ್ಲ; ನಾಲ್ಕು ಸಲ ಒತ್ತಿದರೆ ಒಂದು ಮಡಿ ಮುಗಿಯುತ್ತದೆ. ಬೆನ್ನಿಗೆ ಎರಡು ಹಿಡಿಗಳನ್ನು ಹೊಡೆದೆ.

ಮೊದಲ ಒತ್ತಿನಲ್ಲಿಯೇ ಹಲಗೆ ಕೈಕೊಟ್ಟಿತು. ತೇವವಿದ್ದ ಕೆಂಪು ಮಣ್ಣು ಬೋಲ್ಟಿನ ತಿರುಪಿನ ಗೀರುಗಳಿಗೆ ಅಂಟಿ, ಎತ್ತಿದಾಗ ಗುಣಿಯ ಬದಲು ಮಣ್ಣಿನ ಉಂಡೆಗಳೇ ಮೇಲೆ ಬಂದವು. ಎಣ್ಣೆ ಸವರಿ ನೋಡಿದೆ, ಮೂರು ಒತ್ತಿನವರೆಗೆ ಕೆಲಸ ಮಾಡಿತು. ಕೊನೆಗೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರಿನ ಟ್ಯೂಬನ್ನು ಎರಡೆರಡು ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ ಪ್ರತಿ ಬೋಲ್ಟಿಗೂ ಟೊಪ್ಪಿಯಂತೆ ಏರಿಸಿದ ಮೇಲೆ ಮಣ್ಣು ಅಂಟುವುದು ನಿಂತಿತು. ಟ್ಯೂಬು ಗಡುಸಾಗಿದ್ದರೆ ಬಿಸಿನೀರಿನಲ್ಲಿ ಅದ್ದಿದರೆ ಸಲೀಸಾಗಿ ಏರುತ್ತದೆ.

‘ಅ’ ಮಡಿಗೆ 5 ಸೆಂಟಿಮೀಟರಿನ ಹಲಗೆ ಬೇರೆ ಬೇಕಿಲ್ಲ, ಇದೇ ಹಲಗೆಯನ್ನು 5 ಸೆಂಟಿಮೀಟರ್ ಸರಿಸಿ ಮತ್ತೆ ಒತ್ತಿದರಾಯಿತು ಎಂದು ಭಾವಿಸಿದ್ದೆ. ಹಾಗೆ ಮಾಡಿದಾಗ ಕೊನೆಯ ಸಾಲು ನೇರವಾಗಿ ಸಲಾಕೆಯ ಮೇಲೆಯೇ ಬಂದು ಬಿದ್ದಿತು. ಹಲಗೆಯನ್ನು ಅದರ ಸರಿಯಾದ ಜಾಗದಿಂದ ಒಮ್ಮೆ ಎಡಕ್ಕೆ ಎರಡೂವರೆ, ಒಮ್ಮೆ ಬಲಕ್ಕೆ ಎರಡೂವರೆ, ಹಾಗೆಯೇ ಹಿಂದೆ ಮುಂದೆ ಎರಡೂವರೆ ಸೆಂಟಿಮೀಟರ್ ಸರಿಸಿದರೆ ನಾಲ್ಕು ಒತ್ತಿನಲ್ಲಿ ನೂರು ಗುಣಿ ಚೊಕ್ಕವಾಗಿ ಬರುತ್ತದೆ. ‘ಇ’ ಮಡಿಗಳಿಗೆ ಹಗ್ಗಕ್ಕೆ ಗಂಟು ಹಾಕಿ ಬೆರಳಿನಿಂದಲೇ ಚುಚ್ಚಿದೆ, ಮೂವತ್ತೇ ಗುಣಿಗಳು.

ನವೆಂಬರ್ 10ರಂದು ಮಾಡಿದ ಮೊದಲ ಬಿತ್ತನೆ ಪೂರ್ತಿ ಹಾಳಾಯಿತು. ತುಲಾ ತಿಂಗಳ (ಅಕ್ಟೋಬರ್-ನವೆಂಬರಿನ) ಗುಡುಗುಮಳೆ ಮುಗಿಯಿತೆಂದು ನಾನು ಅವಸರಪಟ್ಟೆ, ಅದು ಮುಗಿದಿರಲಿಲ್ಲ. ಎರಡು ಸಂಜೆಯ ಜಡಿಮಳೆಗೆ ಗುಣಿಗಳು ಮುಚ್ಚಿಹೋಗಿ, ಮೇಲೆ ಹಪ್ಪಳದಂತಹ ಪದರ ಕಟ್ಟಿ, ಅದನ್ನು ಒಡೆದು ಮೇಲೆ ಬಂದ ಅಷ್ಟಿಷ್ಟು ಸಸಿಗಳು ಬುಡ ಕೊಳೆತು ಬಿದ್ದವು. ಬೀಜದ ತಪ್ಪೂ ಇತ್ತು: ಅಡುಗೆಗೆಂದು ತಂದ ಕೊತ್ತಂಬರಿಯನ್ನೇ ಬಿತ್ತಿದ್ದೆ. ಬಳಿಕ ಒದ್ದೆ ಬಟ್ಟೆಯಲ್ಲಿ ಐವತ್ತು ಬೀಜದ ಹೋಳುಗಳನ್ನು ಸುತ್ತಿಟ್ಟು ನೋಡಿದರೆ ಮೊಳೆತದ್ದು ಹತ್ತೊಂಬತ್ತು. ಬಿತ್ತನೆಗೆಂದೇ ಮಾರುವ ಹೊಸ ಬೀಜದಲ್ಲಿ ಐವತ್ತಕ್ಕೆ ನಲವತ್ತೊಂದು ಮೊಳೆತವು. ಮೊದಲೇ ಮಾಡಬೇಕಾಗಿದ್ದ ಪರೀಕ್ಷೆ ಇದು.

ನಾವು ಬೀಜ ಎನ್ನುವುದು ವಾಸ್ತವವಾಗಿ ಕೊತ್ತಂಬರಿಯ ಕಾಯಿ. ಅದರೊಳಗೆ ಎರಡು ಹೋಳುಗಳಿದ್ದು ಒಂದೊಂದರಲ್ಲಿಯೂ ಒಂದೊಂದು ಬೀಜವಿರುತ್ತದೆ. ಒಡೆಯದೆ ಬಿತ್ತಿದರೆ ಒಂದೇ ಜಾಗದಲ್ಲಿ ಎರಡು ಸಸಿಗಳು ಅಂಟಿಕೊಂಡು ಬರುತ್ತವೆ, ಮೊಳೆಯುವುದೂ ತಡ. ಕಾಯಿಗಳನ್ನು ಮಣೆಯ ಮೇಲೆ ಹರಡಿ ಚಪ್ಪಲಿಯ ಹಿಮ್ಮಡಿಯಿಂದ ಉಜ್ಜಿದರೆ ಹೋಳಾಗುತ್ತವೆ. ಲಟ್ಟಣಿಗೆಯಲ್ಲಿ ಒತ್ತಿದಾಗ ಹಲವು ಪುಡಿಯಾದವು. ಒಡೆದ ಹೋಳುಗಳನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಆರಿಸಿ, ಕೊಳೆರೋಗ ತಡೆಯುವ ಟ್ರೈಕೊಡರ್ಮಾ ಶಿಲೀಂಧ್ರದ ಪುಡಿ ಸವರಿ, ಗುಣಿಗೆ ಎರಡೆರಡು ಹೋಳು ಹಾಕಿದೆ. ಒಂಬತ್ತು ಮಡಿಗಳಿಗೆ ಇಪ್ಪತ್ತು ಗ್ರಾಂ ಬೀಜವೂ ಖರ್ಚಾಗಲಿಲ್ಲ. ಹಿಂದೆ ಇದೇ ಜಾಗಕ್ಕೆ ಕಾಲು ಕಿಲೋ ಚೆಲ್ಲುತ್ತಿದ್ದೆ.

ಗೊಬ್ಬರ ಕೊಡುವಾಗ ಇನ್ನೊಂದು ಎಡವಟ್ಟಾಯಿತು. ಚದರ ಮೀಟರಿಗೆ ಒಂದು ಗ್ರಾಂ ಸಾರಜನಕವೆಂದರೆ 2.2 ಗ್ರಾಂ ಯೂರಿಯಾ, ಅಂದರೆ ಎರಡು ಚಿಟಿಕೆ. ಅದನ್ನು ಸಮನಾಗಿ ಹರಡುವುದಕ್ಕೆಂದು ಒದ್ದೆ ಹಟ್ಟಿಗೊಬ್ಬರದಲ್ಲಿ ಬೆರೆಸಿ, ಒಲೆಯ ಬೂದಿಯನ್ನೂ ಒಂದಿಷ್ಟು ಸೇರಿಸಿ ಬಕೆಟಿನಲ್ಲಿ ಮುಚ್ಚಿಟ್ಟೆ. ಮರುದಿನ ಮುಚ್ಚಳ ತೆಗೆದಾಗ ಕಣ್ಣಿನಲ್ಲಿ ನೀರು ಬರುವಷ್ಟು ಖಾರ ವಾಸನೆ. ಹಸಿ ಗೊಬ್ಬರದ ಸೂಕ್ಷ್ಮಜೀವಿಗಳು ಯೂರಿಯಾವನ್ನು ಒಡೆದಿದ್ದವು, ಬೂದಿಯ ಕ್ಷಾರ ಅದನ್ನು ಅಮೋನಿಯವಾಗಿ ಹೊರಗಟ್ಟುತ್ತಿತ್ತು. ಆ ಬಕೆಟನ್ನು ಬಾಳೆಯ ಬುಡಕ್ಕೆ ಸುರಿದು, ಬೇರೆ ದಾರಿ ಹಿಡಿದೆ: 22 ಗ್ರಾಂ ಯೂರಿಯಾವನ್ನು 10 ಲೀಟರ್ ನೀರಿನಲ್ಲಿ ಕರಗಿಸಿದರೆ ಲೀಟರಿಗೆ ಒಂದು ಗ್ರಾಂ ಸಾರಜನಕವಾಗುತ್ತದೆ. ‘ಖ’ ಮಡಿಗೆ ಒಂದು ಲೀಟರ್, ‘ಗ’ ಮಡಿಗೆ ಎರಡು ಲೀಟರ್. ನೀರಿನ ವ್ಯತ್ಯಾಸದಿಂದ ಲೆಕ್ಕ ತಪ್ಪದಿರಲೆಂದು ‘ಖ’ ಮಡಿಗೆ ಒಂದು, ‘ಕ’ ಮಡಿಗೆ ಎರಡು ಲೀಟರ್ ಬರಿ ನೀರನ್ನೂ ಸೇರಿಸಿ ಎರೆದೆ. 33 ಗ್ರಾಂ ಪೊಟ್ಯಾಷನ್ನು ಹಾಗೆಯೇ ಕರಗಿಸಿ ಲೀಟರಿನ ಲೆಕ್ಕದಲ್ಲಿ ಕೊಟ್ಟೆ. ರಂಜಕಕ್ಕೆ ಮಡಿಗೆ 25 ಗ್ರಾಂ ಸೂಪರ್ ಫಾಸ್ಫೇಟ್. ನಮ್ಮ ತೋಟಗಳಲ್ಲಿ ರೂಢಿಯಿರುವ ರಾಕ್ ಫಾಸ್ಫೇಟ್ ಹುಳಿ ಮಣ್ಣಿಗೆ ಒಳ್ಳೆಯದೇ ಆದರೂ ಅದು ನಿಧಾನವಾಗಿ ಕರಗುವಂತಹದು. ಆರು ವಾರದಲ್ಲಿ ಕೊಯ್ಯುವ ಸೊಪ್ಪಿಗೆ ಅಷ್ಟು ತಾಳ್ಮೆಯಿಲ್ಲ.

ಎರಡನೆಯ ಬಿತ್ತನೆ ಡಿಸೆಂಬರ್ 1ರಂದು. ಒಂದು ಸೆಂಟಿಮೀಟರಿನಷ್ಟು ಜರಡಿ ಹಿಡಿದ ಮಣ್ಣು ಮುಚ್ಚಿ, ಮೇಲೆ ತೆಂಗಿನ ಮಡಲು ಹಾಸಿ, ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ಟಾಂಕಿಗೆ ಬಂದು ಬೀಳುವ ನೀರನ್ನು ಬೆಳಿಗ್ಗೆ ಮಾತ್ರ ಸಣ್ಣ ತೂತುಗಳ ಮೂತಿಯಿರುವ ಪಾತ್ರೆಯಿಂದ ಚಿಮುಕಿಸಿದೆ. ತೋಟದ ಸ್ಪ್ರಿಂಕ್ಲರನ್ನು ಈ ಕಡೆ ತಿರುಗಿಸಬಾರದು. ಅದರ ಹನಿಯ ಹೊಡೆತ ಎಳೆಯ ಸಸಿಯನ್ನು ಮಲಗಿಸುತ್ತದೆ. ಎಂಟನೆಯ ದಿನ ಮೊದಲ ಮೊಳಕೆ ಕಾಣಿಸಿದ ಸಂಜೆಯೇ ಮಡಲು ತೆಗೆದೆ. ಡಿಸೆಂಬರ್ 17ರಂದು ಗುಣಿಗೆ ಒಂದೇ ಸಸಿ ಉಳಿಯುವಂತೆ ಹೆಚ್ಚಿನವನ್ನು ಕತ್ತರಿಯಿಂದ ಕತ್ತರಿಸಿದೆ. ಕಿತ್ತರೆ ಪಕ್ಕದ ಸಸಿಯ ತಾಯಿಬೇರು ಅಲುಗುತ್ತದೆ, ಕೊತ್ತಂಬರಿಗೆ ಅದು ಸಹಿಸದು. ಖಾಲಿ ಗುಣಿಗಳಿಗೆ ಬೇರೆ ಕಡೆಯಿಂದ ಸಸಿ ತಂದು ನೆಡಲು ಹೋಗಿ, ನೆಟ್ಟ ಹನ್ನೆರಡರಲ್ಲಿ ಹತ್ತು ಸತ್ತವು.

ಮೂರು ವಾರದವರೆಗೆ ‘ಅ’ ಮಡಿಗಳೇ ನೋಡಲು ಚಂದ. ಹಸಿರು ಚಾಪೆ ಹಾಸಿದಂತೆ ತುಂಬಿಕೊಂಡಿದ್ದವು, ಕಳೆಗೂ ಜಾಗವಿರಲಿಲ್ಲ. ‘ಇ’ ಮಡಿಗಳಲ್ಲಿ ಗಿಡಕ್ಕಿಂತ ಕೆಂಪು ಮಣ್ಣೇ ಹೆಚ್ಚಾಗಿ ಕಾಣುತ್ತಿತ್ತು ಮತ್ತು ಅಲ್ಲಿ ಮೂರು ಸಲ ಕಳೆ ತೆಗೆಯಬೇಕಾಯಿತು. “ಇಷ್ಟು ಜಾಗ ಬಿಟ್ಟು ಯಾರಾದರೂ ಕೊತ್ತಂಬರಿ ಹಾಕುತ್ತಾರಾ?” ಎಂದು ಅಮ್ಮ ಎರಡು ಸಲ ಕೇಳಿದರು.

ಡಿಸೆಂಬರ್ 31ರಂದು ಎರಡನೆಯ ಕಂತಿನ ಯೂರಿಯಾ ನೀರು ಎರೆದ ಮೇಲೆ ಚಿತ್ರ ಬದಲಾಯಿತು. ಅಗ ಮಡಿಯ ಗಿಡಗಳು ಒಂದೇ ವಾರದಲ್ಲಿ ಬೆಳಕಿಗಾಗಿ ಒಂದರ ಮೇಲೊಂದು ಏರಿ ಉದ್ದವಾದವು; ಕಾಂಡ ತೆಳ್ಳಗೆ, ಬಣ್ಣ ಮಾತ್ರ ಗಾಢ. ಜನವರಿ 6ರ ಬೆಳಿಗ್ಗೆ ನಡುವಿನ ಒಂದು ಭಾಗ ಮಗುಚಿ ಬಿದ್ದಿತ್ತು. ಎತ್ತಿ ನೋಡಿದರೆ ಅಡಿಯ ಎಲೆಗಳು ಕೊಳೆತು ಲೋಳೆಯಾಗಿದ್ದವು. ಅಷ್ಟು ಒತ್ತಾಗಿದ್ದಲ್ಲಿ ಬೆಳಿಗ್ಗೆಯ ಇಬ್ಬನಿ ಹತ್ತು ಗಂಟೆಯಾದರೂ ಆರುತ್ತಿರಲಿಲ್ಲ. ಪಕ್ಕದ ‘ಇ’ ಮಡಿಗಳಲ್ಲಿ ಎಂಟಕ್ಕೆಲ್ಲ ಎಲೆ ಒಣಗಿರುತ್ತಿತ್ತು. ನಮ್ಮಂತಹ ತೇವದ ಸೀಮೆಯಲ್ಲಿ ಅಂತರವೆಂದರೆ ಬೇರಿಗೆ ಬಿಡುವ ಜಾಗ ಮಾತ್ರವಲ್ಲ, ಗಾಳಿಗೆ ಬಿಡುವ ದಾರಿ ಕೂಡ ಎಂಬುದು ನನಗೆ ಹೊಳೆದದ್ದು ಆ ಬೆಳಿಗ್ಗೆಯೇ. ಅಖ ಮತ್ತು ಅಕ ಮಡಿಗಳಲ್ಲಿ ಅಡಿಯೆಲೆ ಹಳದಿಯಾಯಿತೇ ಹೊರತು ಕೊಳೆ ಅಷ್ಟು ಹಬ್ಬಲಿಲ್ಲ.

ಬಿತ್ತಿದ 42ನೆಯ ದಿನ, ಜನವರಿ 12ರಂದು ಮೊದಲ ಕೊಯ್ಲು. ಮತ್ತೆ ಚಿಗುರಲೆಂದು ನಡುವಿನ ಸುಳಿ ಉಳಿಸಿ, ನಾಲ್ಕು ಬೆರಳು ಮೇಲೆ ಕತ್ತರಿಸಿ, ಇಬ್ಬನಿ ಆರಿದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಕೊಳೆತದ್ದನ್ನು ತೂಕಕ್ಕೆ ಸೇರಿಸಲಿಲ್ಲ. ‘ಅ’ ಮಡಿಗಳಲ್ಲಿ ಕ, ಖ, ಗ ಕ್ರಮದಲ್ಲಿ 820, 960 ಮತ್ತು 900 ಗ್ರಾಂ ಬಂದಿತು. ‘ಆ’ ಮಡಿಗಳಲ್ಲಿ 690, 1010 ಮತ್ತು 1060. ‘ಇ’ ಮಡಿಗಳಲ್ಲಿ 310, 480 ಮತ್ತು 560. ಅಂದು ಬದುಕಿದ್ದ ಗಿಡಗಳನ್ನೂ ಎಣಿಸಿದೆ: ಅಖ ಮಡಿಯಲ್ಲಿ 341, ಅಗ ಮಡಿಯಲ್ಲಿ 283 ಮಾತ್ರ, ಆಖ ಮಡಿಯಲ್ಲಿ 97, ಇಖ ಮಡಿಯಲ್ಲಿ ಮೂವತ್ತಕ್ಕೆ ಮೂವತ್ತು. ಹಾಗಾಗಿ ಗಿಡವೊಂದಕ್ಕೆ ಅಖ ಮಡಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ, ಆಖ ಮಡಿಯಲ್ಲಿ ಹತ್ತು, ಇಖ ಮಡಿಯಲ್ಲಿ ಹದಿನಾರು.

ಎರಡನೆಯ ಕೊಯ್ಲು ಫೆಬ್ರವರಿ 8ರಂದು. ನಡುವೆ ಯಾವ ಗೊಬ್ಬರವನ್ನೂ ಕೊಡಲಿಲ್ಲ. ‘ಅ’ ಮಡಿಗಳು 190, 210, 120 ಗ್ರಾಮಿಗೆ ಕುಸಿದವು. ‘ಆ’ ಮಡಿಗಳು 360, 540, 500 ಕೊಟ್ಟವು. ‘ಇ’ ಮಡಿಗಳು 260, 430, 470.

ಎರಡನ್ನೂ ಕೂಡಿಸಿದಾಗ ನನ್ನ ಹಳೆಯ ತಪ್ಪು ಎಲ್ಲಿತ್ತೆಂಬುದು ಕಾಣಿಸಿತು. ಸಾರಜನಕವನ್ನು ಎರಡು ಪಾಲು ಮಾಡಿದ್ದರಿಂದ ‘ಇ’ ಮಡಿಯಲ್ಲಿ 120 ಗ್ರಾಂ ಹೆಚ್ಚಿತು, ‘ಆ’ ಮಡಿಯಲ್ಲಿ 10 ಗ್ರಾಂ, ಅಂದರೆ ಏನೂ ಇಲ್ಲ. ‘ಅ’ ಮಡಿಯಲ್ಲಿ 150 ಗ್ರಾಂ ಕಡಿಮೆಯಾಯಿತು. ಒಂದೇ ಗೊಬ್ಬರ ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ; ನಡುವಿನ ವ್ಯತ್ಯಾಸ ಗಿಡಗಳ ಅಂತರದ್ದು. ಒತ್ತಾಗಿ ಬೆಳೆದ ಗಿಡಕ್ಕೆ ಕೊರತೆಯಿದ್ದುದು ಬೆಳಕು ಮತ್ತು ಗಾಳಿ. ನಾನು ಪ್ರತಿ ವರ್ಷ ಅದಕ್ಕೆ ಯೂರಿಯಾ ಕೊಟ್ಟು, ಮತ್ತಷ್ಟು ಉದ್ದ ಮಾಡಿ, ಮತ್ತಷ್ಟು ಬೀಳಿಸುತ್ತಿದ್ದೆ. ಹಾಗೆಂದು ಹಟ್ಟಿಗೊಬ್ಬರವೊಂದೇ ಸಾಕೆಂದೂ ಹೇಳಲಾರೆ: ಆಕ ಮಡಿಗೂ ಆಖ ಮಡಿಗೂ ಎರಡು ಕೊಯ್ಲಿನಲ್ಲಿ 500 ಗ್ರಾಮಿನ ಅಂತರವಿದೆ. ಅದರಲ್ಲಿ ಸಾರಜನಕದ ಪಾಲೆಷ್ಟು, ರಂಜಕದ ಪಾಲೆಷ್ಟು ಎಂಬುದನ್ನು ಈ ಒಂಬತ್ತು ಮಡಿಗಳಿಂದ ಬೇರ್ಪಡಿಸಲಾಗದು. ಅದಕ್ಕೆ ಬೇರೆಯೇ ಮಡಿಗಳು ಬೇಕಾಗಿದ್ದವು, ನಾನು ಯೋಚಿಸಿರಲಿಲ್ಲ.

ತೂಕದಲ್ಲಿ ಕಾಣದ ಒಂದು ವಿಷಯವೂ ಇದೆ. ಆಖ ಮತ್ತು ಆಗ ಮಡಿಗಳ ಸೊಪ್ಪನ್ನು ಗುರುತು ಹೇಳದೆ ಅಮ್ಮನ ಕೈಗೆ ಕೊಟ್ಟೆ. ಎರಡನ್ನೂ ತಿಕ್ಕಿ ಮೂಸಿ, ಆಗ ಮಡಿಯದನ್ನು “ಇದರಲ್ಲಿ ನೀರೇ ಜಾಸ್ತಿ” ಎಂದು ಬದಿಗಿಟ್ಟರು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟದ್ದರಲ್ಲಿಯೂ ಅದೇ ಮೊದಲು, ಎರಡನೆಯ ದಿನಕ್ಕೆ, ಬಾಡಿತು. ಸಾರಿಗೆ ಎರಡು ಎಸಳು ಹಾಕಿದರೆ ಪರಿಮಳ ಬರಬೇಕಾದ ಸೊಪ್ಪಿನಲ್ಲಿ ತೂಕ ಹೆಚ್ಚಿಸಿ ಪ್ರಯೋಜನವಿಲ್ಲ.

ಇಖ ಮಡಿಯ ಒಂದು ಮೂಲೆಯ ಆರು ಗಿಡಗಳನ್ನು ಎರಡನೆಯ ಕೊಯ್ಲಿನ ಮೇಲೆ ಕಾಯಿಗೆಂದು ಬಿಟ್ಟಿದ್ದೆ. ಫೆಬ್ರವರಿ ಕೊನೆಗೆ ಹೂಕಡ್ಡಿ ಎದ್ದು ಬಿಳಿ ಹೂವಿಗೆ ಜೇನು ತುಂಬಿತು, ಮಾರ್ಚಿನಲ್ಲಿ ಬೂದಿ ರೋಗವೂ ತುಂಬಿತು. ಕಾಯಿ ಕಟ್ಟಿದ್ದು ಒಂದು ಹಿಡಿ, ಅರ್ಧ ಜೊಳ್ಳು. ಒಣ ಹವೆಯ ರಾಜಸ್ಥಾನ, ಮಧ್ಯಪ್ರದೇಶ, ಗುಜರಾತುಗಳಿಂದ ದೇಶಕ್ಕೆಲ್ಲ ಹೋಗುವ ಕಾಳನ್ನು ಕಾಸರಗೋಡಿನ ಹವೆಯಲ್ಲಿ ಬೆಳೆಯಲು ಹೊರಡುವುದು ವ್ಯರ್ಥ. ನಮಗೆ ದಕ್ಕುವುದು ಸೊಪ್ಪು, ಅದೂ ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಆಮೇಲೆ ಸೆಕೆ ಏರಿದಂತೆ ಎಲೆ ಬಿಡುವ ಮೊದಲೇ ಕಡ್ಡಿ ಏಳುತ್ತದೆ, ಅಂತರವೂ ಗೊಬ್ಬರವೂ ಅದನ್ನು ತಡೆಯಲಾರವು.

ಬುಡಸಮೇತ ಕಿತ್ತು ಒಂದೇ ಸಲ ಕಟ್ಟು ಕಟ್ಟಿ ಮಾರುವವರಿಗೆ ‘ಅ’ ಅಂತರವೂ ನಡೆದೀತು, ಯೂರಿಯಾ ಮಾತ್ರ ಹೆಚ್ಚು ಕೊಡಬಾರದು. ನಮ್ಮಂತೆ ಬೇಕಾದಾಗ ಕತ್ತರಿಸಿಕೊಳ್ಳುವ ಮನೆಗೆ 10 ಸೆಂಟಿಮೀಟರೇ ಸರಿ. ಬಿತ್ತುವ ಬೀಜದ ಖರ್ಚು ಉಳಿಸಬೇಕೆನ್ನುವವರು, ಕಳೆ ಕೀಳಲು ಬೇಸರವಿಲ್ಲದವರು ‘ಇ’ ಅಂತರಕ್ಕೆ ಹೋಗಬಹುದು. ‘ಆ’ ಮಡಿಗಳಲ್ಲಿಯೂ ನಡುವಿನ ಗಿಡಗಳು ಅಂಚಿನವುಗಳಿಗಿಂತ ಸ್ವಲ್ಪ ಸಣಕಲಾಗಿದ್ದುದರಿಂದ, ಹಲಗೆಯಲ್ಲಿ ಹೊಸ ತೂತು ಕೊರೆದು ಸಾಲಿನ ಅಂತರವನ್ನು ಹನ್ನೆರಡೂವರೆಗೆ ಏರಿಸಿದ್ದೇನೆ, ಗಿಡದ ಅಂತರ ಹತ್ತೇ. ಈಗ ಹಲಗೆಗೆ ಇಪ್ಪತ್ತು ಬೋಲ್ಟು, ಮಡಿಗೆ ಎಂಬತ್ತು ಗಿಡ. ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಹಟ್ಟಿಯ ಅಟ್ಟದಲ್ಲಿ ಇಟ್ಟಿದ್ದೇನೆ. ಮುಂದಿನ ಬಿತ್ತನೆ ಡಿಸೆಂಬರ್ ಹುಟ್ಟಿದ ಮೇಲೆಯೇ.